ವಂಶಾವಳಿಯಲ್ಲಿ ಬಿಟ್ಟ ಹೆಸರು

ನನ್ನ ತಂಗಿ ಕಾಲೇಜಿನ ಎರಡನೆಯ ವರ್ಷಕ್ಕೆ ಬಂದಾಗ ಅವರ ಮೇಡಂ ಮಕ್ಕಳಿಗೆಲ್ಲ ಒಂದು ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ತಮ್ಮ ಮನೆಯ ವಂಶಾವಳಿ ಬರೆಯಬೇಕು. ಅಜ್ಜನಿಂದ ಹಿಡಿದು ತಮ್ಮವರೆಗೆ ಯಾರಿಗೆ ಯಾರು ಹುಟ್ಟಿದರು ಎಂದು ಗೆರೆ ಎಳೆದು ತೋರಿಸಬೇಕು. ಜೊತೆಗೆ ಮನೆಯ ಹೊಲದ ಉತಾರ ತಂದು ಅದನ್ನು ಓದಿ ಅರ್ಥ ಹೇಳಬೇಕು. ಹೊಲ ಯಾರ ಹೆಸರಿನಲ್ಲಿದೆ ಎಂದು ಸರಕಾರ ಕೊಡುವ ಹಾಳೆಗೆ ನಮ್ಮ ಕಡೆ ಉತಾರ ಅನ್ನುತ್ತಾರೆ.

"ಅಕ್ಕಾ, ಶನಿವಾರ ಬರ್ತೇನಿ. ಉತಾರ ತಗದಿಡು," ಎಂದು ಫೋನಿನಲ್ಲಿ ಹೇಳಿದಳು.

ನಾನು ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲಿದ್ದ ರೊಟ್ಟಿ ಕರಕಾಗುವವರೆಗೆ ಹಾಗೇ ಕೂತಿದ್ದೆ. ಆ ಹಾಳೆಯಲ್ಲಿ ಅವಳ ಹೆಸರಿರಲಿಲ್ಲ. ಇಲ್ಲದ ಹಾಗೆ ಮಾಡಿದವಳು ನಾನು.

ಅದೆಲ್ಲ ಈಗ ಹಳೆಯ ಮಾತು. ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಎದುರಿಗೆ ಅವ್ವ ತೊಗರಿ ಹಸನು ಮಾಡುತ್ತ ಕೂತಿದ್ದಾಳೆ, ಹೊರಗೆ ನನ್ನ ಗಂಡ ಎತ್ತಿಗೆ ನೀರು ತೋರಿಸುತ್ತಿದ್ದಾನೆ. ಆದರೂ ನಡೆದದ್ದನ್ನು ನಡೆದ ಹಾಗೆ ಒಮ್ಮೆ ನನ್ನ ಕೈಯಿಂದಲೇ ಬರೆದಿಡಬೇಕು ಅನ್ನಿಸಿದೆ.

ನಮ್ಮದು ಸಿಂದಗಿ ತಾಲೂಕಿನಲ್ಲಿ, ಮೋರಟಗಿಯ ಹತ್ತಿರದ ಒಂದು ಹಳ್ಳಿ. ಅಪ್ಪ ಅವ್ವನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ನನಗೂ ತಂಗಿಗೂ ಹನ್ನೆರಡು ವರ್ಷದ ಅಂತರ. ಅವಳು ಹುಟ್ಟಿದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಹೆರಿಗೆಯಾದ ಮೇಲೆ ಅವ್ವ ಬಹಳ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಕೂಸನ್ನು ನೋಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಒಂದು ತಿಂಗಳ ಸಾಲಿ ಬಿಡು, ಆಮ್ಯಾಲೆ ಹೋಗಾಕಂತಿ," ಎಂದ ಅಪ್ಪ. ಆ ಒಂದು ತಿಂಗಳು ಮುಗಿಯಲೇ ಇಲ್ಲ.

ಮೊದಮೊದಲು ಕೂಸನ್ನು ಬಗಲಲ್ಲಿ ಎತ್ತಿಕೊಂಡು ಸಾಲಿಯ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಒಳಗೆ ಮಗ್ಗಿ ಹೇಳಿಸುತ್ತಿದ್ದರೆ ಹೊರಗೆ ನಾನೂ ಹೇಳುತ್ತಿದ್ದೆ. ಕೂಸು ಅತ್ತರೆ ಗುರುಗಳು ಕೈ ಬೀಸಿ ಆ ಕಡೆ ಹೋಗು ಎಂದು ಸನ್ನೆ ಮಾಡುತ್ತಿದ್ದರು. ಅವರದೇನೂ ತಪ್ಪಿಲ್ಲ, ಅಳುವ ಕೂಸು ಕಿಟಕಿಯಲ್ಲಿದ್ದರೆ ಯಾರು ಪಾಠ ಹೇಳಿಯಾರು? ಕ್ರಮೇಣ ನಾನು ಹೋಗುವುದನ್ನು ಬಿಟ್ಟೆ. ಅವಳನ್ನು ಎತ್ತಿ ಎತ್ತಿ ನನ್ನ ಎಡಗಡೆಯ ಸೊಂಟ ಒಂದಿಷ್ಟು ವಾಲಿತ್ತು. ಈಗಲೂ ನೀರಿನ ಕೊಡ ಎಡಕ್ಕೇ ಕೂರುತ್ತದೆ.

ಅವಳನ್ನು ನಾನು ಪ್ರೀತಿಸಲಿಲ್ಲ ಎಂದು ಯಾರೂ ತಿಳಿಯಬಾರದು. ಅವಳು ಮೊದಲು ಕರೆದದ್ದೇ ಅಕ್ಕಾ ಎಂದು. ಪಾಟಿಯ ಮೇಲೆ ಅವಳಿಗೆ ಅಕ್ಷರ ತಿದ್ದಿಸಿದವಳು ನಾನು. ಮುಂದೆ ಅವಳು ದೊಡ್ಡ ತರಗತಿಗೆ ಹೋದಂತೆ ಅವಳ ಪುಸ್ತಕಗಳನ್ನು ನಾನೂ ಓದಿದೆ. ನನಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವುದು ಅವಳಿಂದಲೇ. ಆದರೆ ಪ್ರೀತಿಯ ಪಕ್ಕದಲ್ಲೇ ಇನ್ನೊಂದು ಮಾತು ನನ್ನೊಳಗೆ ಕೂತಿತ್ತು. ಇವಳು ಓದುತ್ತಿರುವುದು ನನ್ನ ಪಾಲಿನ ಸಾಲಿ, ಎಂದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಮದುವೆಯಾದಾಗ ಗಂಡ ನಮ್ಮ ಮನೆಗೇ ಬಂದ. ಗಂಡುಮಕ್ಕಳಿಲ್ಲದ ಮನೆ, ಹೊಲ ನೋಡಲು ಒಬ್ಬರು ಬೇಕು ಎಂದು ಅಪ್ಪ ಮನೆಅಳಿಯನನ್ನೇ ಹುಡುಕಿದ್ದ. ಅವನ ಊರು ಮುದ್ದೇಬಿಹಾಳದ ಕಡೆ. ಅವನು ಇಲ್ಲಿಗೆ ಬಂದ ಮರುವರ್ಷವೇ ಅಲ್ಲಿ ಅವನ ಅಣ್ಣಂದಿರು ಹೊಲದ ವಾಟ್ನಿ, ಅಂದರೆ ಪಾಲು, ಮಾಡಿಕೊಂಡರು. ಹೆಂಡತಿಯ ಮನೆಗೆ ಹೋದವನಿಗೆ ಇಲ್ಲೇನು ಎಂದು ಅವರು ವಂಶಾವಳಿಯಲ್ಲಿ ಅವನ ಹೆಸರನ್ನೇ ಹಾಕಿಸಲಿಲ್ಲ. ಅವನು ಅದನ್ನು ನಕ್ಕು ಹೇಳುತ್ತಾನೆ. "ನಮ್ಮಪ್ಪಗ ಎರಡ ಮಕ್ಕಳು, ನಾ ಮೂರನೇದವ," ಎಂದು.

ತಂಗಿ ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ. ದಿನಕರ್ಮವೆಲ್ಲ ಮುಗಿದ ಮೇಲೆ ಹೊಲಕ್ಕೆ ವಾರಸಾ ಮಾಡಿಸಬೇಕಾಯಿತು. ಅಂದರೆ ಸತ್ತವರ ಹೆಸರು ತೆಗೆದು ಇದ್ದವರ ಹೆಸರು ಏರಿಸುವುದು. ಅದಕ್ಕೆ ಮೊದಲು ವಂಶಾವಳಿ ಬೇಕು. ಚಾವಡಿಯಲ್ಲಿ ಊರಿನ ಹೊಲಗಳ ಲೆಕ್ಕ ಇಡುವ ತಲಾಟಿ ಸಾಹೇಬರು ಕೂತಿದ್ದರು. ಊರಿಗೆ ಹೊಸಬರು, ನಮ್ಮ ಮನೆ ಯಾವುದು ಎಂದು ಅವರಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಪಂಚರೆಂದು ಊರಿನ ಐದು ಮಂದಿ ಹಿರಿಯರು. ತಂಗಿಗೆ ಅಂದು ಪರೀಕ್ಷೆ, ಸಿಂದಗಿಗೆ ಹೋಗಿದ್ದಳು.

"ಸತ್ತವರ ಹೆಂಡತಿ?" ಎಂದು ತಲಾಟಿ ಕೇಳಿದರು. ನಾನು ಅವ್ವನ ಹೆಸರು ಹೇಳಿದೆ.

"ಮಕ್ಕಳು?"

"ನಾನ್ರಿ," ಎಂದೆ.

"ಮತ್ತ ಯಾರರ ಅದಾರೇನು?"

ಪಂಚರಲ್ಲಿ ಒಬ್ಬ ಅಜ್ಜ ಸಣ್ಣಗೆ ಕೆಮ್ಮಿದ. ನಾನು ಅವನ ಕಡೆ ನೋಡಲಿಲ್ಲ. "ಇಲ್ರಿ," ಎಂದೆ.

ಐದೂ ಮಂದಿಗೆ ನನ್ನ ತಂಗಿ ಗೊತ್ತು. ಅವಳು ದಿನಾ ಅವರ ಕಟ್ಟೆಯ ಮುಂದೆಯೇ ಬಸ್ಸಿಗೆ ಓಡುತ್ತಿದ್ದಳು. ಆದರೂ ಐವರೂ ಸಹಿ ಮಾಡಿದರು. ಕೆಟ್ಟ ಮನಸ್ಸಿನಿಂದಲ್ಲ. ಕೊಟ್ಟ ಮನೆಗೆ ಹೋಗುವ ಹುಡುಗಿಯ ಹೆಸರನ್ನು ಚಾವಡಿಯಲ್ಲಿ ಯಾರೂ ಹೇಳುವುದಿಲ್ಲ. ಪಂಚಮಿಗೆ ಕರೆದು ಸೀರೆ ಕೊಟ್ಟರೆ ಅವಳ ಪಾಲು ಮುಟ್ಟಿತು ಎಂದು ನಮ್ಮ ಊರು ತಿಳಿದಿದೆ. ಮನೆಯಲ್ಲಿ ಉಳಿದವಳು ನಾನು, ಹೊಲ ಮಾಡುವವನು ನನ್ನ ಗಂಡ. ಆದ್ದರಿಂದ ನನ್ನ ಮಾತು ಅವರ ಕಿವಿಗೆ ಸುಳ್ಳಿನ ಹಾಗೆ ಕೇಳಿಸಲಿಲ್ಲ.

ನನ್ನ ಕಿವಿಗೆ ಕೇಳಿಸಿತು. ರೂಢಿ ಎಂದು ನಾನು ಹಾಗೆ ಹೇಳಿದ್ದಲ್ಲ. ಸಾಲಿ ಅವಳಿಗೆ ಹೋಯಿತು, ಹೊಲವಾದರೂ ನನಗಿರಲಿ ಎಂದು ಲೆಕ್ಕ ಹಾಕಿ ಹೇಳಿದ್ದೆ.

ಅವ್ವ ಹೆಬ್ಬೆಟ್ಟು ಒತ್ತಿ ಸೆರಗಿಗೆ ಮಸಿ ಒರೆಸಿಕೊಂಡಳು. ಚಾವಡಿಯ ಮೆಟ್ಟಿಲು ಇಳಿಯುವಾಗ ಕೇಳಿದಳು: "ಎಲ್ಲಾರ ಹೆಸರೂ ಹಾಕ್ಸಿದೆಲ್ಲ?"

"ಹೂಂ," ಎಂದೆ.

ಆ ದಿನ ನನ್ನ ಗಂಡ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟ. "ನನಗೂ ಹಿಂಗಽ ಮಾಡಿದ್ರು," ಎಂದ. ಅಷ್ಟೇ. ಮತ್ತೆ ಆ ಮಾತು ತೆಗೆಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಪಿಯುಸಿ ಮುಗಿದ ಮೇಲೆ ತಂಗಿ ಬಸವನ ಬಾಗೇವಾಡಿಯ ಒಂದು ಕಾಲೇಜಿನ ಅರ್ಜಿ ತಂದಳು. ಬಿ.ಎ.ಯಲ್ಲಿ ಅಪರಾಧಶಾಸ್ತ್ರ, ಜೊತೆಗೆ ಪ್ಯಾರಾಲೀಗಲ್ ಎಂಬ ಒಂದು ಕೋರ್ಸು. ವಕೀಲರಾಗದಿದ್ದರೂ ವಕೀಲರ ಆಫೀಸಿನಲ್ಲಿ, ಕೋರ್ಟಿನಲ್ಲಿ, ಕಾನೂನು ನೆರವಿನ ಕೇಂದ್ರದಲ್ಲಿ ಕಾಗದಪತ್ರದ ಕೆಲಸ ಮಾಡಲು ಕಲಿಸುವ ವಿದ್ಯೆ. ಜನ ಹೇಳಿದ್ದನ್ನು ಕೇಳಿ ಬರೆದುಕೊಳ್ಳುವುದು, ಅರ್ಜಿ ತಯಾರಿಸುವುದು, ಯಾವ ಕಾಗದ ಯಾವ ಬಾಗಿಲಿಗೆ ಒಯ್ಯಬೇಕು ಎಂದು ದಾರಿ ಹೇಳುವುದು. ಓದು ಮುಗಿದ ಕೂಡಲೇ ಕೆಲಸ ಸಿಗುತ್ತದೆ ಎಂದು ಅವಳ ಲೆಕ್ಕ.

ಓಣಿಯವರಿಗೆ ಇದು ತಿಳಿಯಲಿಲ್ಲ. ಪಕ್ಕದ ಮನೆಯ ದೊಡ್ಡವ್ವ ಬಂದು, "ಅಪರಾಧ ಕಲಸ್ತಾರಂತಲ್ಲ ಬೇ? ಕಳವು ಮಾಡೂದಕ್ಕೂ ಸಾಲಿ ತಗದಾರೇನು?" ಎಂದಳು.

"ಕಳ್ಳರನ್ನ ಹಿಡಿಯೂದು ಕಲಸ್ತಾರ, ದೊಡ್ಡವ್ವ," ಎಂದಳು ತಂಗಿ.

"ಹಂಗಿದ್ರ ಹಿಡಿಯಾಕ ಬಾಗೇವಾಡಿ ತನಕ ಯಾಕ ಹೋಗ್ತಿ? ಇಲ್ಲೇ ಸುರು ಮಾಡು," ಎಂದು ನನ್ನ ಗಂಡ ನಕ್ಕ. ನಕ್ಕವನು ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದೇ ನನಗೆ ಚುಚ್ಚಿತು.

ಹಾಸ್ಟೆಲಿನಲ್ಲಿದ್ದು ಅವಳು ಶನಿವಾರಕ್ಕೊಮ್ಮೆ ಬರುತ್ತಿದ್ದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಆ ವಾರ ಕಲಿತದ್ದನ್ನು ಹೇಳಲು ಸುರು ಮಾಡುತ್ತಿದ್ದಳು. ಆ ದಿನಗಳು ನಮ್ಮ ಮನೆಯ ಒಳ್ಳೆಯ ದಿನಗಳು. ಪೊಲೀಸರು ದೂರು ಬರೆದುಕೊಂಡರೆ ಅದರ ಪ್ರತಿಯನ್ನು ಬಿಟ್ಟಿ ಕೊಡಬೇಕು ಎಂದು ನಮಗೆ ಗೊತ್ತಾದದ್ದು ಅವಳಿಂದ. ಒಮ್ಮೆ ನಮ್ಮ ಹಿತ್ತಲಿನ ಕೋಳಿ ಕಾಣೆಯಾಯಿತು. ತಂಗಿ ಅಳತೆಯ ಟೇಪು, ವಹಿ, ಪೆನ್ನು ತಗೊಂಡು ಹಿತ್ತಲಿಗೆ ಇಳಿದಳು. ಪಂಚನಾಮೆಯಂತೆ.

"ಕೋಳಿನ್ನ ಕೊನೀ ಸಲ ಯಾವಾಗ ನೋಡಿದ್ರಿ?" ಎಂದು ಅವ್ವನನ್ನು ಕೇಳಿದಳು.

"ಕಾಳ ಹಾಕೂವಾಗ."

"ಎಷ್ಟ ಗಂಟೇಕ್ಕ?"

"ಕೋಳಿಗೆ ಗಂಟಿ ನೋಡಿ ಕಾಳ ಹಾಕ್ತಾರೇನ ಹುಚ್ಚಿ?"

"ಯಾರ ಮ್ಯಾಲರ ಸಂಶೇ ಐತೇನ್ರಿ?"

ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ನಿಮ್ಮ ಮಾಮಾನ ಮ್ಯಾಲೆ," ಎಂದು ನನ್ನ ಗಂಡನ ಕಡೆ ಕೈ ತೋರಿಸಿದಳು.

"ಅಯ್ಯ ಅತ್ತಿ, ನಾ ತಿಂದಿದ್ರ ಖಾರಾ ಅರದಾಕಿ ನಿಮ್ಮ ಮಗಳು. ಆಕಿನ್ನೂ ಬರಕೋ ಮತ್ತ," ಎಂದು ಗಂಡ ಕೂಗಿದ.

ತಂಗಿ ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಗಟ್ಟಿಯಾಗಿ ಓದಿದಳು. ಹೇಳಿಕೆ ಬರೆದುಕೊಂಡವರು ಅದನ್ನು ಓದಿ ಹೇಳಲೇಬೇಕು, ಕೇಳಿದವರು ಸರಿಯಿದೆ ಎಂದು ಒಪ್ಪಿದ ಮೇಲೆಯೇ ಸಹಿ ತಗೋಬೇಕು, ಅದೇ ಈ ಕೆಲಸದ ಮೊದಲ ನಿಯಮ ಎಂದಳು. ಅವ್ವ ನಗುತ್ತಲೇ ಹೆಬ್ಬೆಟ್ಟು ಒತ್ತಿದಳು. ನನಗೆ ಮಾತ್ರ ಚಾವಡಿ ನೆನಪಾಯಿತು. ಅಲ್ಲಿಯೂ ತಲಾಟಿ ಸಾಹೇಬರು ಓದಲು ಸುರು ಮಾಡಿದ್ದರು. "ಗೊತ್ತೈತ್ರಿ, ಹೊತ್ತಾಗ್ತೈತಿ" ಎಂದು ಅವಸರ ಮಾಡಿ ನಿಲ್ಲಿಸಿದವಳು ನಾನು. ಅವ್ವ ಕೇಳಬಾರದು ಎಂದು. (ಕೋಳಿ ಮರುದಿನ ದೊಡ್ಡವ್ವನ ಹುಲ್ಲಿನ ಬಣವೆಯಲ್ಲಿ ಮೊಟ್ಟೆಯ ಮೇಲೆ ಕೂತದ್ದು ಸಿಕ್ಕಿತು.)

ಇಂಥ ತಂಗಿ ಉತಾರ ಕೇಳಿದಳು.

ಶನಿವಾರ ಬಂದಾಗ ನಾನು ಟ್ರಂಕಿನಿಂದ ಹಳೆಯ ಉತಾರ ತೆಗೆದು ಕೊಟ್ಟೆ. ಅಪ್ಪ ಇದ್ದಾಗಿನದು, ಅಪ್ಪನ ಒಬ್ಬನದೇ ಹೆಸರಿನದು. ಅವಳು ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿ, ಮಡಿಚಿ ಇಟ್ಟುಕೊಂಡಳು. ಮೊದಲನೆಯದು ಸಿಟ್ಟಿನಲ್ಲಿ ಆದ ತಪ್ಪು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಇದನ್ನು ಹೆದರಿ, ತಿಳಿದೂ ತಿಳಿದೂ ಮಾಡಿದೆ.

ಮೂರು ದಿನಕ್ಕೆ ಮತ್ತೆ ಫೋನು. "ಅಕ್ಕಾ, ಮೇಡಂ ಇದು ನಡೆಯಂಗಿಲ್ಲ ಅಂದ್ರು. ವಾರಸಾ ಆದಮ್ಯಾಲಿನ ಉತಾರ ಬೇಕಂತ. ಇರ್ಲಿ ಬಿಡು, ನೀ ತ್ರಾಸ ತಗೋಬ್ಯಾಡ. ಶುಕ್ರವಾರ ಇಲ್ಲೇ ಕಂಪ್ಯೂಟರಿನ್ಯಾಗ ತಕ್ಕೋತೇನಿ. ಸರ್ವೆ ನಂಬರ್ ಗೊತ್ತೈತಿ."

ಅಂದು ಮಂಗಳವಾರ. ಶುಕ್ರವಾರ ಅವಳು ಕಂಪ್ಯೂಟರಿನ ಮುಂದೆ ಕೂತು, ಗೆಳತಿಯರ ನಡುವೆ, ಆ ಹಾಳೆಯಲ್ಲಿ ತನ್ನ ಹೆಸರು ಹುಡುಕುತ್ತಾಳೆ. ಅವ್ವನ ಹೆಸರು ಕಾಣುತ್ತದೆ, ನನ್ನದು ಕಾಣುತ್ತದೆ.  ಅವಳಿಗೆ ಹೇಗೂ ತಿಳಿಯುತ್ತದೆ. ಕಾಗದದಿಂದ ತಿಳಿಯುವುದೋ ನನ್ನ ಬಾಯಿಂದ ತಿಳಿಯುವುದೋ ಎಂಬುದೊಂದೇ ಇನ್ನು ನನ್ನ ಕೈಯಲ್ಲಿತ್ತು.

ಗುರುವಾರ ಬೆಳಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ ಬುತ್ತಿ ಕಟ್ಟಿದೆ. "ತಂಗಿನ್ನ ನೋಡಿ ಬರ್ತೇನಿ," ಎಂದಾಗ ಗಂಡ ಬಸ್ಸಿನವರೆಗೆ ಬಂದ. ನಾನು ಹತ್ತುವಾಗ, "ನಮ್ಮ ಅಣ್ಣಗೋಳು ಹಿಂಗ ಬಸ್ ಹತ್ತಿ ಬರ್ತಾರೇನಂತ ಭಾಳ ದಿನಾ ದಾರಿ ನೋಡೇನಿ," ಎಂದ. ಅವನು ನಗದೇ ಮುದ್ದೇಬಿಹಾಳದ ಮಾತಾಡಿದ್ದು ಅದು ಎರಡನೆಯ ಸಲ.

ಸಿಂದಗಿಯಲ್ಲಿ ಬಸ್ಸು ಬದಲಿಸಿ, ದೇವರ ಹಿಪ್ಪರಗಿಯ ಮೇಲೆ ಹಾಯ್ದು ಬಾಗೇವಾಡಿ ಮುಟ್ಟಿದಾಗ ಮಧ್ಯಾಹ್ನ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡೆ. ಹಾಸ್ಟೆಲಿನ ಹಿಂದೆ ಕರೆದು ಒಬ್ಬಳಿಗೇ ಹೇಳಬೇಕು ಎಂದಿದ್ದೆ. ಆದರೆ ಅವಳು ತರಗತಿಯಲ್ಲಿದ್ದಳು. ನಾನು ಕಾಲೇಜಿನ ಪಡಸಾಲೆಯಲ್ಲಿ ಬುತ್ತಿ ಹಿಡಿದು ಕಿಟಕಿಯ ಹತ್ತಿರ ನಿಂತೆ. ಎಷ್ಟೋ ವರ್ಷದ ಮೇಲೆ ಮತ್ತೆ ಕಿಟಕಿ. ಬಗಲಲ್ಲಿ ಕೂಸಿನ ಬದಲು ಬುತ್ತಿ, ಕೂಸು ಒಳಗೆ ಬೆಂಚಿನ ಮೇಲೆ.

ಪಾಠ ಹೇಳುತ್ತಿದ್ದ ಮೇಡಂ ನನ್ನನ್ನು ನೋಡಿದರು. ಅವರು ಕೋರ್ಟಿನಲ್ಲಿ ವಕೀಲಿ ಮಾಡಿ, ವಾರಕ್ಕೆ ಎರಡು ದಿನ ಪಾಠಕ್ಕೆ ಬರುವವರು. ಅಂದು ಕಲಿಸುತ್ತಿದ್ದದ್ದು ಕಕ್ಷಿದಾರರ ಹೇಳಿಕೆ ಬರೆದುಕೊಳ್ಳುವುದನ್ನು. ಒಬ್ಬರು ತಕರಾರು ತಂದವರಾಗಬೇಕು, ಇನ್ನೊಬ್ಬರು ಕೇಳಿ ಬರೆಯಬೇಕು. ತಕರಾರು ತಂದವರಾದ ಹುಡುಗಿಯರೆಲ್ಲ ನಡುವೆ ನಕ್ಕು ಆಟ ಕೆಡಿಸುತ್ತಿದ್ದರಂತೆ.

"ಯಾರನ್ನ ನೋಡಾಕ ಬಂದೀರಿ, ಅಕ್ಕಾರ?" ಎಂದು ಕೇಳಿದರು. ನಾನು ತಂಗಿಯನ್ನು ತೋರಿಸಿದೆ. "ಛಲೋ ಆತು. ಒಳಗ ಬರ್ರಿ. ಇವತ್ತ ನೀವಽ ನಮ್ಮ ಕಕ್ಷಿದಾರ. ನಿಮ್ಮೂರಾಗ ನಡದದ್ದು ಯಾವುದರ ಒಂದು ತಕರಾರು ಹೇಳ್ರಿ, ಕೋಳೀದೋ ಬದುವಿಂದೋ. ಈಕಿ ಬರಕೋತಾಳ."

"ಮೇಡಂ, ನಮ್ಮ ಅಕ್ಕ್ರಿ," ಎಂದು ತಂಗಿ ನಾಚಿದಳು.

"ಅಕ್ಕ ಅನ್ನೂದು ಮರ್ತುಬಿಡು. ನಡುವ ಬಾಯಿ ಹಾಕೂದಿಲ್ಲ. ಬೈಯೂದಿಲ್ಲ. ಅವರ ಮಾತು ಅವರು ಹೇಳಿದಂಗ ಬರಿ."

ಒಂದು ಮೇಜು, ಆ ಕಡೆ ಅವಳು, ಈ ಕಡೆ ನಾನು. ಸುತ್ತ ಮೂವತ್ತು ಮಕ್ಕಳು. ಅವಳು ವಹಿ ತೆರೆದು, ತಲೆಯ ಮೇಲಿನ ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಎಡಗೈ ಇಟ್ಟಳು.

"ಕುಂದರ್ರಿ. ಹೆದರಬ್ಯಾಡ್ರಿ. ನಿಮ್ಮ ತಕರಾರು ಯಾರ ಮ್ಯಾಲೆ ಐತಿ?" ಎಂದು ಬೇರೆ ಯಾರನ್ನೋ ಕೇಳುವ ಹಾಗೆ ಕೇಳಿದಳು. ಕಣ್ಣಲ್ಲಿ ನಗುವಿತ್ತು. ನಾನು ಕೋಳಿಯ ಕತೆ ಹೇಳುತ್ತೇನೆ ಎಂದು ಕಾಯುತ್ತಿದ್ದಳು.

"ನನ್ನ ಮ್ಯಾಲೇ ಐತ್ರಿ," ಎಂದೆ.

ಮಕ್ಕಳು ನಕ್ಕರು. ಅವಳೂ ನಕ್ಕಳು. "ಹೇಳ್ರಿ."

ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತು ಒಂದೂ ಬರಲಿಲ್ಲ. ಬಂದದ್ದು ಬರೀ ನಡೆದದ್ದು. "ನಮ್ಮಪ್ಪ ಸತ್ತಮ್ಯಾಲೆ ಚಾವಡ್ಯಾಗ ವಂಶಾವಳಿ ಬರಸೂವಾಗ, ಮಕ್ಕಳು ಯಾರ್ಯಾರು ಅಂತ ಕೇಳಿದ್ರು. ನಾನೊಬ್ಬಾಕಿ ಅಂದೆ. ನನಗೊಬ್ಬಾಕಿ ತಂಗಿ ಇದ್ಲು. ಆಕಿ ಹೆಸರು ಬಿಟ್ಟೆ."

ಪೆನ್ನು ನಿಂತಿತು. ಕಣ್ಣಿನ ನಗು ಹೋಯಿತು. ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಪೆನ್ನು ಮತ್ತೆ ನಡೆಯಿತು.

"ಮರ್ತು ಬಿಟ್ರೋ, ಬೇಕಂತ ಬಿಟ್ರೋ?"

"ಬೇಕಂತ."

"ಯಾಕ?"

"ಆಕಿ ಹುಟ್ಟಿದಾಗ ನನ್ನ ಸಾಲಿ ಬಿಡಿಸಿದ್ರು. ನನ್ನ ಸಾಲಿ ಆಕಿಗೆ ಹೋತು, ಹೊಲರ ನನಗ ಇರ್ಲಿ ಅಂದೆ. ಆಕೀದೇನೂ ತಪ್ಪಿರಲಿಲ್ಲ. ಆಕಿ ಕೂಸಿದ್ಲು."

ಮಕ್ಕಳಿಗೆ ಇದು ಒಳ್ಳೆಯ ಕಟ್ಟುಕತೆ ಅನ್ನಿಸಿರಬೇಕು, ಹಿಂದಿನ ಬೆಂಚಿನಿಂದ ಯಾರೋ "ಅಯ್ಯ ಪಾಪ" ಎಂದರು. ನನಗೆ ಪಾಪ ಎಂದರೋ ತಂಗಿಗೋ ತಿಳಿಯಲಿಲ್ಲ.

"ತಂಗಿಗೆ ಇದು ಗೊತ್ತೈತೇನ್ರಿ?" ತಂಗಿಯ ದನಿ ತೆಳ್ಳಗಾಗಿತ್ತು.

"ಇಲ್ಲಿತನಕ ಇರಲಿಲ್ಲ. ನಿನ್ನೆ ಮೊನ್ನೆ ಆಕಿ ಉತಾರ ಕೇಳಿದ್ಲು. ಹಳೇದು ಕೊಟ್ಟು ಮುಚ್ಚಿಟ್ಟೆ. ಅದೂ ಬರಕೋ."

ಅವಳು ಅದನ್ನೂ ಬರೆದಳು. ಆಮೇಲೆ ತಲೆಯೆತ್ತದೆ ಕೇಳಿದಳು: "ಈಗ ನಿಮಗ ಏನ ಬೇಕಾಗೈತಿ?"

"ಆಕಿ ಹೆಸರು ಬರಸಬೇಕ್ರಿ. ದಾರಿ ಯಾವುದು ಗೊತ್ತಿಲ್ಲ."

ಮಕ್ಕಳನ್ನು ಮೇಡಂ ಅದನ್ನೇ ಕೇಳಿದರು, ದಾರಿ ಯಾವುದು ಎಂದು. ಒಬ್ಬ ಹುಡುಗಿ ತಹಶೀಲ್ದಾರರಿಗೆ ಅರ್ಜಿ ಎಂದಳು. ಇನ್ನೊಬ್ಬಳು, ಸಿಂದಗಿ ತಾಲೂಕು ಆದ್ದರಿಂದ ಇಂಡಿಯ ಉಪವಿಭಾಗಾಧಿಕಾರಿಗಳ ಹತ್ತಿರ ಮೇಲ್ಮನವಿ ಎಂದಳು. "ಎಲ್ಲಾರೂ ಒಪ್ಪಿದ್ರ ಲಗೂ ಆಗತೈತಿ. ಬಿಟ್ಟಾಕಿ ತಾನಽ ಬಂದು ಬಿಟ್ಟೇನಿ ಅಂದ್ರ ಮತ್ತೂ ಹಗುರ. ಹಂಗ ಯಾರೂ ಬರಂಗಿಲ್ಲ, ಆ ಮಾತು ಬ್ಯಾರೆ," ಎಂದರು ಮೇಡಂ. ಹಾಗೆ ಹೇಳುತ್ತ ತಂಗಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು.

ತಂಗಿ ನಿಯಮ ಬಿಡಲಿಲ್ಲ. ಬರೆದದ್ದನ್ನೆಲ್ಲ ಮೊದಲಿನಿಂದ ಓದಿದಳು. ನನ್ನ ಮಾತನ್ನು ನನಗೇ ಅವಳ ದನಿಯಲ್ಲಿ ಕೇಳಿದೆ. ಒಂದು ಅಕ್ಷರ ಮೆತ್ತಗೆ ಮಾಡಿರಲಿಲ್ಲ, ಒಂದು ಅಕ್ಷರ ಬಿರುಸು ಮಾಡಿರಲಿಲ್ಲ. "ಓದಿ ಹೇಳೇನಿ. ಸರಿ ಐತೇನ್ರಿ?"

"ಸರಿ ಐತ್ರಿ."

"ಸಹಿ ಮಾಡ್ರಿ."

ಮಾಡಿದೆ. ನನ್ನ ಸಹಿ ಅವಳು ಹೈಸ್ಕೂಲಿನಲ್ಲಿದ್ದಾಗ ನನಗೆ ಕಲಿಸಿದ್ದು, ಕೊನೆಯ ಅಕ್ಷರದ ಕೆಳಗೆ ಒಂದು ಗೆರೆ.

ಬಸ್‌ಸ್ಟ್ಯಾಂಡಿನವರೆಗೆ ಬಂದಳು, ನನಗಿಂತ ಒಂದು ಮಾರು ಮುಂದೆಯೇ ನಡೆದು. ಬುತ್ತಿಯನ್ನು ಕೈಯಿಂದ ತಗೊಂಡಳು. ನಾನು ಅದನ್ನೇ ದೊಡ್ಡದು ಅಂದುಕೊಂಡು ಊರಿಗೆ ಬಂದೆ.

ಎರಡು ಶನಿವಾರ ಅವಳು ಬರಲಿಲ್ಲ. ಪರೀಕ್ಷೆ ಇರಬೇಕು ಎಂದು ಅವ್ವನಿಗೆ ಹೇಳಿದೆ. ಮೂರನೆಯ ಶನಿವಾರ ಬಂದಳು. ಚಪ್ಪಲಿ ಬಿಟ್ಟಳು, ನೀರು ಕುಡಿದಳು, ಅವ್ವ ಹಿತ್ತಲಿಗೆ ಹೋಗುವವರೆಗೆ ಕಾದು ಚೀಲದಿಂದ ಅರ್ಜಿ ತೆಗೆದಳು. ಚೆಂದದ ಅಕ್ಷರ, ಅಂಚಿನಲ್ಲಿ ಗೆರೆ.

"ಹೊಲ ಬೇಕೇನು?" ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು.

ಅವಳಿಗೆ ಆಗ ಸಿಟ್ಟು ಬಂತು. "ನನಗ ಹೊಲ ಬ್ಯಾಡಂತ ನಾ ಬರಕೊಡೂದು ಬ್ಯಾರೆ, ಅಕ್ಕಾ. ನಾ ಹುಟ್ಟೇ ಇಲ್ಲಂತ ನೀ ಬರಸೂದು ಬ್ಯಾರೆ. ನನ್ನ ಎತ್ತಿ ಆಡಿಸಿದಾಕಿ ನೀನು. ನಾ ಹುಟ್ಟಿದ್ದಕ್ಕ ನಿನ್ನಕಿಂತ ದೊಡ್ಡ ಸಾಕ್ಷಿ ಯಾರದಾರ?" ಎಂದಳು. ಹೇಳಿ ಅತ್ತಳು. ನಾನೂ ಅತ್ತೆ. ಅವ್ವ ಹಿತ್ತಲಿನಿಂದ, "ಏನಾತ ಬೇ?" ಎಂದು ಕೂಗಿದರೆ ಇಬ್ಬರೂ ಒಟ್ಟಿಗೆ, "ಏನಿಲ್ಲ," ಎಂದೆವು. ಗಂಡ ಹೊರಗಿನಿಂದ, "ಉಳ್ಳಾಗಡ್ಡಿ ಹೆಚ್ಚಾಕತ್ತಾರ ಬಿಡ್ರಿ ಅತ್ತಿ," ಎಂದ.

ಆಮೇಲಿನ ಕೆಲಸವೆಲ್ಲ ಅವಳೇ ಮಾಡಿದಳು. ನಾನು ಅವಳು ಹೇಳಿದ ಕಡೆ ಬಂದು ನಿಂತೆ. ಅದೇ ಚಾವಡಿಯಲ್ಲಿ, ಅದೇ ಪಂಚರ ಮುಂದೆ, ನಾನು ಸುಳ್ಳು ಹೇಳಿದ್ದೆ ಎಂದು ಗಟ್ಟಿಯಾಗಿ ಹೇಳಿದೆ. ಕೆಮ್ಮಿದ ಅಜ್ಜ ಈ ಸಲ ಕೆಮ್ಮಲಿಲ್ಲ, "ನಾವೂ ಸಹಿ ಹಾಕಿದವ್ರಽ ಅದೇವಿ ಬೇ," ಎಂದು ಕೋಲು ಕೆಳಗಿಟ್ಟು ಮೊದಲು ಸಹಿ ಮಾಡಿದ. ವಿಚಾರಣೆಗೆಂದು ಎರಡು ಸಲ ಇಂಡಿಗೆ ಹೋದೆವು. ಅಲ್ಲಿ ಅವಳು ಕಾಗದಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಸೂಜಿ ದಾರದಿಂದ ಹೊಲಿದು ತಂದ ಕಡತವನ್ನು ಒಬ್ಬ ಹಿರಿಯ ವಕೀಲರು ತಿರುವಿ ನೋಡಿ, "ಇದನ್ನ ಕಟ್ಟಿದವರು ಯಾರು?" ಎಂದು ಕೇಳಿದರು. ಓದು ಮುಗಿದ ಮೇಲೆ ಅವಳು ಕೆಲಸಕ್ಕೆ ಸೇರಿದ್ದು ಅವರ ಆಫೀಸಿಗೇ. ಅಲ್ಲಿ ಹೊಲದ ತಕರಾರು ತಂದವರನ್ನು ಅವಳು ಮೊದಲು ಕೇಳುವ ಪ್ರಶ್ನೆ, "ಹೆಣ್ಣುಮಕ್ಕಳು ಎಷ್ಟು ಮಂದಿ?" ಎಂಬುದಂತೆ. ಮುದ್ದೇಬಿಹಾಳಕ್ಕೂ ಒಂದು ಅರ್ಜಿ ಬರೆಯುತ್ತೇನೆ ಎಂದು ಮಾಮಾನ ಬೆನ್ನು ಹತ್ತಿದ್ದಾಳೆ. ಅವನು ಬ್ಯಾಡ ಎನ್ನುತ್ತಾನೆ. ಆದರೆ ಹಳೆಯ ಕಾಗದಗಳನ್ನೆಲ್ಲ ಹುಡುಕಿ ಅವಳ ಚೀಲದ ಹತ್ತಿರ ಇಟ್ಟಿದ್ದಾನೆ.

ನಾನು ಸಹಿ ಮಾಡಿದ ಆ ಹಾಳೆ ಇನ್ನೂ ಅವಳ ಹತ್ತಿರವಿದೆ. ಒಮ್ಮೆ ಕೇಳಿದೆ, ಹರಿದು ಒಲೆಗೆ ಹಾಕಬೇಕೆಂದು. "ಕಕ್ಷಿದಾರರ ಹೇಳಿಕೆ, ಕೊಡಾಕ ಬರಂಗಿಲ್ಲ," ಎಂದಳು. ಕ್ಷಮಿಸಿದ್ದೇನೆ ಎಂದು ಅವಳು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ನಾನೂ ಕೇಳಿಲ್ಲ.

ಹೊಸ ಉತಾರ ಬಂದದ್ದು ಅವಳು ಕೆಲಸಕ್ಕೆ ಸೇರಿದ ಮೇಲೆ. ಅಷ್ಟು ದಿನವೂ ಅವ್ವನಿಗೆ ನಿಜ ತಿಳಿದಿರಲಿಲ್ಲ. ಚಾವಡಿಯಲ್ಲಿ ನಾನು ಒಪ್ಪಿಕೊಂಡ ದಿನ ಅವಳಿಗೆ ಜ್ವರ, ತಲಾಟಿ ಸಾಹೇಬರೇ ಆಮೇಲೆ ಮನೆಗೆ ಬಂದು ಹೆಬ್ಬೆಟ್ಟು ತಗೊಂಡಿದ್ದರು. ಸರಕಾರದ್ದು ಏನೋ ತಿದ್ದುಪಡಿ ಅಂದುಕೊಂಡಿದ್ದಳು. ತಂಗಿ ಇಂಡಿಯಿಂದ ಉತಾರ ತಂದು ಅವ್ವನ ಮುಂದೆ ಕೂತು ಓದಿದಳು. ಮೊದಲು ಅವ್ವನ ಹೆಸರು, ನಂತರ ನನ್ನದು, ಆಮೇಲೆ ತನ್ನದು.

"ಮೂರು ಆದ್ವು," ಎಂದು ಅವ್ವ ಬೆರಳು ಮಡಿಚಿದಳು. "ಮೊದಲಽ ಮೂರಿದ್ವಲ್ಲ?"

ತಂಗಿ ಉತಾರದಿಂದ ತಲೆಯೆತ್ತಿ ನನ್ನ ಕಡೆ ನೋಡಿದಳು. 

"ಇರಲಿಲ್ಲ ಬೇ ಅವ್ವಾ," ಎಂದೆ. "ನಾ ಈಕಿ ಹೆಸರು ಬಿಟ್ಟಿದ್ದೆ. ನಿನ್ನ ಮುಂದ ಹೂಂ ಅಂತ ಸುಳ್ಳ ಹೇಳಿದ್ದೆ."

ಅವ್ವ ಮಡಿಚಿದ ಬೆರಳು ಬಿಚ್ಚಿದಳು. ಸೆರಗಿನಿಂದ ನನ್ನ ಭುಜಕ್ಕೆ ಒಂದು ಹೊಡೆದಳು. ಪೆಟ್ಟೇನೂ ಆಗಲಿಲ್ಲ. "ಹಗಲೆಲ್ಲ ಬಗಲಾಗ ಹೊತ್ಕೊಂಡು ತಿರಗಾಕಿ ನೀನು," ಎಂದಳು. "ಎಲ್ಲಿಟ್ಟು ಮರ್ತು ಬಂದಿದ್ದಿ ಈಕಿನ್ನ?"

 ತಂಗಿ ಉತಾರವನ್ನು ಮಡಿಚಿ ಟ್ರಂಕಿನಲ್ಲಿ ಅಪ್ಪನ ಹಳೆಯ ಉತಾರದ ಮೇಲೆ ಇಟ್ಟಳು. ಮುಚ್ಚಳ ಹಾಕುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಚಾವಡ್ಯಾಗ ಇಟ್ಟು ಬಂದಿದ್ಲು, ಅವ್ವಾ. ಮತ್ತ ಆಕೀನಽ ಬಂದು ಎತ್ಕೊಂಡ್ಲು ಬಿಡು."